ನಂಬರ್ ಪ್ಲೇಟಿನ ಹಣ, ಮೈದನಹಳ್ಳಿಯ ಹುಲ್ಲು



ಕೊಡಿಗೇನಹಳ್ಳಿಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ಬರಹೋಗುವ ವಾಹನಗಳ ಹಿಂದಿನ ಫಲಕಗಳನ್ನು ಓದಿ ನೋಡಿ. ಕೆಎ 64 ಎಂದಿದ್ದರೆ ಅದು ಮಧುಗಿರಿಯಲ್ಲಿ ನೋಂದಣಿಯಾದದ್ದು. ಕೆಎ 06 ತುಮಕೂರಿನದು. ನಡುನಡುವೆ ಎಪಿ ಎಂಬ ಅಕ್ಷರಗಳೂ ಕಾಣುತ್ತವೆ. ಹಿಂದೂಪುರ ಅಷ್ಟು ಹತ್ತಿರವಿರುವುದರಿಂದ ಅದು ಸಹಜವೇ. ಈ ಫಲಕದಿಂದ ವಾಹನ ಎಲ್ಲಿಯದು, ಯಾರದು ಎಂಬುದನ್ನು ಪತ್ತೆ ಹಚ್ಚಬಹುದು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ನಾವು ಅದರಿಂದ ನಿರೀಕ್ಷಿಸಿಲ್ಲ.

ಕೆಲವು ದೇಶಗಳಲ್ಲಿ ಇದೇ ತಗಡಿನ ತುಂಡು ಕಾಡುಪ್ರಾಣಿಗಳಿಗಾಗಿ ಹಣವನ್ನೂ ಕೂಡಿಸುತ್ತದೆ. ಅದು ಹೇಗೆ? ಅಂಥ ಹಣ ನಮ್ಮಲ್ಲಿ ಹುಟ್ಟಿದರೆ ಎಲ್ಲಿಗೆ ಹೋಗಬೇಕು? ಸ್ಟುಡಿಯೋದ ಮಾತುಕತೆಯಲ್ಲಿ ಇಂಥ ಲೆಕ್ಕಗಳಿಗೆ ಸಮಯ ಸಾಲುವುದಿಲ್ಲ. ಅಂಕಿಗಳನ್ನು ಕಿವಿಯಿಂದ ಕೇಳುವುದಕ್ಕಿಂತ ಕಾಗದದ ಮೇಲೆ ನೋಡುವುದೇ ವಾಸಿ. ಆದ್ದರಿಂದ ಈ ಪುಟಗಳಲ್ಲಿ ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಫ್ಲಾರಿಡಾದ ಕಥೆ

ಅಮೆರಿಕದಲ್ಲಿ ವಾಹನಗಳ ಫಲಕವನ್ನು ಆಯಾ ರಾಜ್ಯವೇ ಕೊಡುತ್ತದೆ. ಸಾಮಾನ್ಯವಾಗಿ ನೋಂದಣಿಯನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂದರೆ ಪ್ರತಿಯೊಬ್ಬ ಮಾಲೀಕನೂ ಮತ್ತೆ ಮತ್ತೆ ಹಣ ಕಟ್ಟುವ ಕೌಂಟರಿಗೆ ಬರಲೇಬೇಕು. 'ಸಾದಾ ಫಲಕದ ಬದಲು ಚಿತ್ರವಿರುವ ಫಲಕ ಬೇಕೇ? ಹಾಗಾದರೆ ಇಷ್ಟು ಹೆಚ್ಚಿಗೆ ಕೊಡಿ, ಆ ಹೆಚ್ಚಿನ ಹಣ ಇಂಥ ಕೆಲಸಕ್ಕೆ ಹೋಗುತ್ತದೆ' ಎಂದು ಅಲ್ಲಿ ಕೇಳುತ್ತಾರೆ. ಬೇಕಾದವರು ಕೊಡುತ್ತಾರೆ, ಬೇಡವಾದವರು ಸಾದಾ ಫಲಕವನ್ನೇ ಪಡೆಯುತ್ತಾರೆ. ಬಲವಂತವಿಲ್ಲ.

ಫ್ಲಾರಿಡಾ ರಾಜ್ಯದಲ್ಲಿ ಇಂಥ ವಿಶೇಷ ಫಲಕ ಮೊದಲು ಬಂದದ್ದು 1987ರಲ್ಲಿ. ಅದರ ಹಿಂದಿನ ವರ್ಷ ಸ್ಫೋಟಗೊಂಡ ಚಾಲೆಂಜರ್ ಬಾಹ್ಯಾಕಾಶ ನೌಕೆಯ ನೆನಪಿನ ಫಲಕ ಅದು. 1990ರಲ್ಲಿ ಮ್ಯಾನಟೀ ಎಂಬ ಪ್ರಾಣಿಯ ಫಲಕ ಬಂತು. ಮ್ಯಾನಟೀ ನೀರಿನಲ್ಲಿ ಮೇಯುವ, ನಿಧಾನವಾಗಿ ಈಜುವ ಭಾರೀ ಗಾತ್ರದ ಸಾಧು ಪ್ರಾಣಿ. ಮೋಟಾರು ದೋಣಿಗಳ ಹೊಡೆತಕ್ಕೆ ಸಿಕ್ಕಿ ಅದು ಸಾಯುತ್ತಿತ್ತು, ಈಗಲೂ ಸಾಯುತ್ತಿದೆ. ಅದೇ ಸುಮಾರಿಗೆ ಫ್ಲಾರಿಡಾ ಪ್ಯಾಂಥರ್ ಫಲಕವೂ ಬಂತು. ಈ ಪ್ಯಾಂಥರ್ ನಮ್ಮ ಚಿರತೆಯಲ್ಲ. ಅದು ಚುಕ್ಕೆಯಿಲ್ಲದ, ಮಾಸಲು ಕಂದು ಬಣ್ಣದ ಪ್ಯೂಮಾ. ಈ ಎರಡು ಫಲಕಗಳಿಗೂ ವರ್ಷಕ್ಕೆ 25 ಡಾಲರ್ ಹೆಚ್ಚುವರಿ ಶುಲ್ಕ.

ಪ್ಯಾಂಥರ್‌ನ ಸ್ಥಿತಿ ಆಗ ಶೋಚನೀಯವಾಗಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಉಳಿದಿದ್ದವು ಇಪ್ಪತ್ತು ಮೂವತ್ತು ಮಾತ್ರ. ಹತ್ತಿರದ ರಕ್ತಸಂಬಂಧಗಳಲ್ಲೇ ಸಂತಾನವಾಗಿ ಹೃದಯದ ದೋಷ, ಬಾಲದ ತುದಿಯಲ್ಲಿ ಡೊಂಕು ಮುಂತಾದ ಲಕ್ಷಣಗಳು ಕಾಣಿಸಿಕೊಂಡಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಅಲ್ಲಿ ಬಿಟ್ಟರು. ಹೊಸ ರಕ್ತ ಸೇರಿತು, ಮರಿಗಳು ಬದುಕಿದವು. ಈಗ ವಯಸ್ಕ ಪ್ರಾಣಿಗಳ ಸಂಖ್ಯೆ 120ರಿಂದ 230ರ ನಡುವೆ ಇದೆ ಎಂಬುದು ಅಲ್ಲಿನ ವನ್ಯಜೀವಿ ಇಲಾಖೆಯ ಅಂದಾಜು. ಈ ಪ್ರಾಣಿಯ ಮೇಲೆ ಆ ರಾಜ್ಯ ನಡೆಸುವ ಸಂಶೋಧನೆ ಮತ್ತು ನಿರ್ವಹಣೆಗೆ ಮುಖ್ಯ ಆಧಾರ ಫಲಕದ ಹಣವೇ. ಆ ಹಣ ರಾಜ್ಯದ ಬೊಕ್ಕಸದಲ್ಲಿ ಬೆರೆಯದೆ, ಕಾನೂನು ಮಾಡಿ ತೆರೆದ ಒಂದು ಪ್ರತ್ಯೇಕ ನಿಧಿಗೆ ಬೀಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಪದ್ಧತಿಗೂ ಮಿತಿಯುಂಟು. ಒಂದು ಫಲಕ ಯಶಸ್ವಿಯಾದ ಕೂಡಲೇ ಕಾಲೇಜುಗಳು, ಕ್ರೀಡಾ ತಂಡಗಳು, ಸಂಘಗಳು ತಮಗೂ ಒಂದೊಂದು ಬೇಕೆಂದವು. ಫ್ಲಾರಿಡಾದಲ್ಲಿ ಫಲಕಗಳ ಬಗೆ ನೂರನ್ನು ದಾಟಿತು. ಗಿರಾಕಿಗಳು ಹಂಚಿಹೋದರು. ಕೊನೆಗೆ 2020ರಲ್ಲಿ ಅಲ್ಲಿನ ಶಾಸನಸಭೆ ಒಟ್ಟು 150 ಬಗೆಗಿಂತ ಹೆಚ್ಚು ಕೂಡದೆಂದೂ, ಹೊಸ ಫಲಕಕ್ಕೆ ಮೊದಲೇ ಕನಿಷ್ಠ 3,000 ಮಂದಿ ಹಣ ಕಟ್ಟಿರಬೇಕೆಂದೂ ನಿಯಮ ಮಾಡಿತು. ಜನ ಇಷ್ಟಪಟ್ಟು ಕೊಡುವ ಹಣ ಅವರ ಇಷ್ಟ ಬದಲಾದಾಗ ಬತ್ತುತ್ತದೆ. ಇನ್ನೊಂದು ತೊಡಕೂ ಇದೆ. ಮುದ್ದಾಗಿ ಕಾಣುವ ಪ್ರಾಣಿಯ ಚಿತ್ರಕ್ಕೆ ಗಿರಾಕಿ ಸಿಗುತ್ತಾರೆ. ಕಪ್ಪೆಗೋ ಹುಲ್ಲಿಗೋ ಯಾರು ಸಿಗುತ್ತಾರೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2017ರ ಜನವರಿಯಲ್ಲಿ ತನ್ನ ಉದ್ಯಾನಗಳ ಹೆಸರಿನಲ್ಲಿ ಇಂಥ ಫಲಕಗಳನ್ನು ಹೊರತಂದಿತು. ಕ್ಯಾಲಿಫೋರ್ನಿಯಾದಲ್ಲಿ 1997ರಿಂದ ತಿಮಿಂಗಿಲದ ಬಾಲದ ಚಿತ್ರವಿರುವ ಫಲಕವಿದೆ. ಆದರೆ ಕ್ಯಾಲಿಫೋರ್ನಿಯಾ ಅದಕ್ಕೂ ಬಹಳ ಮೊದಲೇ ಮಾಡಿದ ಒಂದು ಕೆಲಸವೇ ನಮ್ಮ ಮಟ್ಟಿಗೆ ಹೆಚ್ಚು ಮುಖ್ಯ. 1970ರಲ್ಲಿ ಅದು ಒಂದು ಶಾಸನ ಮಾಡಿತು. ತನಗಿಷ್ಟವಾದ ಅಕ್ಷರ, ಅಂಕಿಗಳೇ ಫಲಕದ ಮೇಲೆ ಬೇಕೆನ್ನುವವನು ಹೆಚ್ಚಿಗೆ ಶುಲ್ಕ ಕೊಡಬೇಕು, ಆ ಶುಲ್ಕ ಪರಿಸರಕ್ಕೆಂದೇ ಇರುವ ನಿಧಿಗೆ ಹೋಗಬೇಕು. ಅಲ್ಲಿ ಪ್ರಾಣಿಯ ಚಿತ್ರವೂ ಇಲ್ಲ, ಘೋಷಣೆಯೂ ಇಲ್ಲ. ಮನುಷ್ಯನ ಶೋಕಿಯಿಂದ ಬಂದ ಹಣ ಮೀನಿಗೆ, ಹಕ್ಕಿಗೆ, ಕಾಡಿಗೆ ಹೋಯಿತು.

ನಮ್ಮ ಫಲಕದ ಮೇಲೆ ಚಿತ್ರ ಬರೆಯುವಂತಿಲ್ಲ

ಈಗ ನಮ್ಮ ಊರಿಗೆ ಬನ್ನಿ. ಭಾರತದಲ್ಲಿ ನಂಬರ್ ಪ್ಲೇಟು ಹೇಗಿರಬೇಕೆಂಬುದನ್ನು ನಿಗದಿ ಮಾಡುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 50ನೆಯ ನಿಯಮದ ಪ್ರಕಾರ ಫಲಕ ಅಲ್ಯೂಮಿನಿಯಂನದಾಗಿರಬೇಕು. ಅದರ ಮೇಲೆ ಅಶೋಕ ಚಕ್ರದ ಹೊಲೊಗ್ರಾಂ, ಲೇಸರ್‌ನಿಂದ ಕೊರೆದ ಗುರುತು ಸಂಖ್ಯೆ, ನೀಲಿ ಬಣ್ಣದ ದೇಶದ ಅಕ್ಷರಗಳು ಇರಬೇಕು. ಬಿಚ್ಚಿದರೆ ಮುರಿಯುವ ಬೀಗದಿಂದ ಅದನ್ನು ಗಾಡಿಗೆ ಕೂರಿಸಬೇಕು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳೆಲ್ಲ ಇದೇ ಫಲಕದೊಂದಿಗೆ ಬರುತ್ತಿವೆ. ಕರ್ನಾಟಕದಲ್ಲಿ ಹಳೆಯ ವಾಹನಗಳಿಗೂ ಹಾಕಿಸಬೇಕೆಂದು 2023ರಲ್ಲಿ ಆದೇಶವಾದಾಗ ಆದ ಗಡಿಬಿಡಿಯನ್ನು ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಈ ಫಲಕದ ಮೇಲೆ ದೇವರ ಹೆಸರಿಗೂ ಜಾಗವಿಲ್ಲ, ಮಗಳ ಹೆಸರಿಗೂ ಇಲ್ಲ. ಕೃಷ್ಣಮೃಗದ ಚಿತ್ರಕ್ಕಂತೂ ಇಲ್ಲವೇ ಇಲ್ಲ. ಕಳ್ಳತನ ಮತ್ತು ಅಪರಾಧಗಳ ತಡೆಗೆ ಮಾಡಿದ ನಿಯಮವಾದ್ದರಿಂದ ಅದನ್ನು ಸಡಿಲಿಸಿ ಎಂದು ಕೇಳುವುದು ನನ್ನ ಮಟ್ಟಿಗೆ ಸರಿಯಲ್ಲ.

ಎರಡನೆಯ ತೊಡಕು ಕೌಂಟರಿನದು. ನಮ್ಮ ರಾಜ್ಯದಲ್ಲಿ ಸ್ವಂತದ ಸ್ಕೂಟರು, ಕಾರುಗಳಿಗೆ ಕೊಳ್ಳುವಾಗಲೇ ಆಜೀವ ತೆರಿಗೆ ಕಟ್ಟುತ್ತೇವೆ. ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಾಗಾಗಿ ಫ್ಲಾರಿಡಾದವನ ಹಾಗೆ ವರ್ಷವರ್ಷವೂ 25 ಡಾಲರ್ ಕೊಡುವ ಸಂದರ್ಭವೇ ಇಲ್ಲಿ ಬರುವುದಿಲ್ಲ. ಅಲ್ಲಿನ ಪದ್ಧತಿಯನ್ನು ಹಾಗೆಯೇ ಎತ್ತಿ ತರೋಣ ಎನ್ನುವವರು ಈ ಎರಡು ಸಂಗತಿಗಳನ್ನು ಮರೆಯುತ್ತಾರೆ.

ಹಾಗೆಂದು ನಂಬರ್ ಪ್ಲೇಟಿನಿಂದ ನಮ್ಮಲ್ಲಿ ಹೆಚ್ಚುವರಿ ಹಣ ಹುಟ್ಟುವುದೇ ಇಲ್ಲವೇ? ಹುಟ್ಟುತ್ತದೆ, ಧಾರಾಳವಾಗಿ. ಅದೇ ಫ್ಯಾನ್ಸಿ ನಂಬರ್. 1, 9, 99, 9999 ಮುಂತಾದ ಸಂಖ್ಯೆಗಳನ್ನು ಸಾರಿಗೆ ಇಲಾಖೆ ಹರಾಜು ಹಾಕುತ್ತದೆ. ಅದೃಷ್ಟಸಂಖ್ಯೆ ಎಂದೋ, ಹಳೆಯ ಕಾರಿಗೂ ಅದೇ ಇತ್ತೆಂದೋ ಜನ ಕೂಗುತ್ತಾರೆ. 2025ರ ಏಪ್ರಿಲ್‌ನಲ್ಲಿ ನೆರೆಯ ಕೇರಳದ ಕೊಚ್ಚಿಯಲ್ಲಿ 0007 ಎಂಬ ಸಂಖ್ಯೆ ಸುಮಾರು 46 ಲಕ್ಷ ರೂಪಾಯಿಗೆ ಹೋಯಿತು. ಒಂದು ಕಾರಿನ ಬೆಲೆಯಲ್ಲ, ಒಂದು ಸಂಖ್ಯೆಯ ಬೆಲೆ.

ಕ್ಯಾಲಿಫೋರ್ನಿಯಾದವರು 1970ರಲ್ಲಿ ಬಳಸಿಕೊಂಡದ್ದು ಇದೇ ಶೋಕಿಯನ್ನು. ವ್ಯತ್ಯಾಸ ಇರುವುದು ಹಣ ಹೋಗುವ ದಾರಿಯಲ್ಲಿ. ಸಂವಿಧಾನದ 266ನೆಯ ವಿಧಿಯಂತೆ ರಾಜ್ಯಕ್ಕೆ ಬರುವ ಆದಾಯ ಸಂಚಿತ ನಿಧಿಗೆ ಸೇರುತ್ತದೆ. ಅಲ್ಲಿಂದ ಹೊರಬರಲು ವಿಧಾನಮಂಡಲದ ಒಪ್ಪಿಗೆ ಬೇಕು. ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಫ್ಯಾನ್ಸಿ ನಂಬರಿನ ರೂಪಾಯಿ ಆ ಕೆರೆಗೆ ಬಿದ್ದ ಮೇಲೆ ಯಾವ ತೂಬಿನಿಂದ ಹೊರಬಂತೆಂದು ಯಾರೂ ಹೇಳಲಾರರು. ಅದನ್ನು ಬೇರೆ ಮಾಡಲು ಶಾಸನವೇ ಬೇಕು. ಅದಕ್ಕೆ ನಮ್ಮಲ್ಲಿ ಮಾದರಿಗಳಿಲ್ಲದೆ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಹುಲಿ ಮೀಸಲು ಪ್ರದೇಶಗಳಿಗೆ ಪ್ರತಿಷ್ಠಾನಗಳು ರಚನೆಯಾದವು. ಪ್ರವಾಸಿಗರ ಪ್ರವೇಶ ಶುಲ್ಕವನ್ನು ಅಲ್ಲೇ ಬಳಸಲು ಅವಕಾಶವಾಯಿತು. ಬಂಡೀಪುರಕ್ಕೆ ಆ ಅನುಕೂಲವುಂಟು. ಹುಲಿಯಿಲ್ಲದ ಜಾಗಕ್ಕೆ ಇಲ್ಲ.

ಹುಲಿಯಿಲ್ಲದ, ಪ್ರವಾಸಿಗರ ಜೀಪಿಲ್ಲದ ಅಂಥ ಒಂದು ಜಾಗ ಕೊಡಿಗೇನಹಳ್ಳಿಗೆ ಹತ್ತಿರದಲ್ಲೇ ಇದೆ.

798 ಎಕರೆ

ಮೈದನಹಳ್ಳಿಯ ಬಯಲು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 2007ರಲ್ಲಿ ಸರ್ಕಾರ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕಾಗಿ ತುಮಕೂರಿನ ವನ್ಯಜೀವಿ ಆಸಕ್ತರು ವರ್ಷಗಟ್ಟಲೆ ಓಡಾಡಿದ್ದರು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಉತ್ತರ ಪಿನಾಕಿನಿಯತ್ತ ಹರಿಯುವ ಜಯಮಂಗಲಿ ನದಿಯ ಹೆಸರನ್ನೇ ಅದಕ್ಕೆ ಇಟ್ಟರು. ವಿಸ್ತೀರ್ಣ 798 ಎಕರೆ, ಅಂದರೆ ಸುಮಾರು 3.23 ಚದರ ಕಿಲೋಮೀಟರು. ಚೌಕವಾಗಿದ್ದಿದ್ದರೆ ಒಂದೊಂದು ಬದಿ 1.8 ಕಿ.ಮೀ. ಆಗುತ್ತಿತ್ತು. ಹಾವೇರಿ ಜಿಲ್ಲೆಯಲ್ಲಿ 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು, ಇದರ ಮೂವತ್ತಾರು ಪಟ್ಟಿಗೂ ಹೆಚ್ಚು. ಆದರೂ ರಾಣೆಬೆನ್ನೂರನ್ನು ಬಿಟ್ಟರೆ ನಮ್ಮ ರಾಜ್ಯದಲ್ಲಿ ಕೃಷ್ಣಮೃಗಗಳು ದೊಡ್ಡ ಸಂಖ್ಯೆಯಲ್ಲಿ ಕಾಣಸಿಗುವುದು ಈ ಪುಟ್ಟ ಮೈದಾನದಲ್ಲೇ.

ಊರಿನ ಮಾತಿನಲ್ಲಿ ಇದನ್ನೂ ಜಿಂಕೆ ಎನ್ನುತ್ತೇವೆ. ಜೀವಶಾಸ್ತ್ರದ ಪ್ರಕಾರ ಎರಡೂ ಬೇರೆ. ಚುಕ್ಕೆ ಜಿಂಕೆಯ ಕವಲುಗೊಂಬು ಕಾಲಕಾಲಕ್ಕೆ ಬಿದ್ದು ಹೊಸದು ಹುಟ್ಟುತ್ತದೆ. ಕೃಷ್ಣಮೃಗದ ಕೊಂಬು ತಿರುಪಿನ ಹಾಗೆ ಸುತ್ತಿಕೊಂಡು ಬೆಳೆಯುತ್ತದೆ, ಜೀವಮಾನವಿಡೀ ಬೀಳುವುದಿಲ್ಲ. ಬೆಳೆದ ಗಂಡು ಕಡುಕಪ್ಪು, ಹೊಟ್ಟೆ ಬಿಳಿ. ಹೆಣ್ಣು ಮತ್ತು ಮರಿಗಳು ತಿಳಿಗಂದು. ಆಂಧ್ರಪ್ರದೇಶಕ್ಕೆ ಇದೇ ರಾಜ್ಯಪ್ರಾಣಿ. ಗಡಿಯ ಕಲ್ಲನ್ನು ದಾಟಿದರೆ ರಾಜಮರ್ಯಾದೆ ಹೆಚ್ಚುತ್ತದೆಂದು ಅದಕ್ಕೇನೂ ಗೊತ್ತಿಲ್ಲ. ಮೇವಿದ್ದ ಕಡೆ ಹೋಗುತ್ತದೆ.

ಈ ಪ್ರಾಣಿಯ ಬದುಕು ನಿಂತಿರುವುದು ಕಣ್ಣು ಮತ್ತು ಕಾಲುಗಳ ಮೇಲೆ. ದೂರದಿಂದಲೇ ಶತ್ರುವನ್ನು ನೋಡಬೇಕು, ನೋಡಿದ ಕೂಡಲೇ ಓಡಬೇಕು. ಗಂಟೆಗೆ 80 ಕಿ.ಮೀ. ವೇಗದವರೆಗೆ ಓಡಬಲ್ಲ ಪ್ರಾಣಿಗೆ ಮರಗಳು ಅಡ್ಡಿಯೇ ಹೊರತು ಆಶ್ರಯವಲ್ಲ. ಹುಟ್ಟಿದ ಮರಿಯನ್ನು ಮೊದಲ ಕೆಲವು ದಿನ ತಾಯಿ ಹುಲ್ಲಿನಲ್ಲೇ ಅಡಗಿಸಿಡುತ್ತದೆ. ಹೀಗಾಗಿ ಅದಕ್ಕೆ ಗಿಡ್ಡ ಹುಲ್ಲೂ ಬೇಕು, ಅಲ್ಲಲ್ಲಿ ಎತ್ತರದ ಹುಲ್ಲೂ ಬೇಕು. ಇದೇ ಹುಲ್ಲನ್ನು ನೆಚ್ಚಿ ಬಾನಾಡಿ, ಗೌಜಲು, ನರಿ ಬದುಕುತ್ತವೆ. ಚಳಿಗಾಲದಲ್ಲಿ ದೂರದ ನಾಡುಗಳಿಂದ ಬರುವ ಸೆಳೆವಗಳೂ ಈ ಬಯಲಿನ ಮೇಲೆ ತೇಲುತ್ತಾ ಬೇಟೆ ಹುಡುಕುತ್ತವೆ.

ಆದರೆ ಹುಲ್ಲುಬಯಲು ನಮ್ಮ ಕಣ್ಣಿಗೆ ಖಾಲಿ ಜಾಗವಾಗಿ ಕಾಣುತ್ತದೆ. ನಮ್ಮ ಕ್ಯಾಮೆರಾಗಳಿಗೂ ಅದೇ ಚಾಳಿ. ದಟ್ಟ ಕಾಡನ್ನು ತೋರಿಸಿದರೆ ನೋಡುವವರು ಕೂರುತ್ತಾರೆ, ಒಣ ಹುಲ್ಲನ್ನು ತೋರಿಸಿದರೆ ಏಳುತ್ತಾರೆ. ಸರ್ಕಾರದ ದಾಖಲೆಗಳು ಇಂಥ ನೆಲವನ್ನು ಬಹುಕಾಲದಿಂದ ಬಂಜರು ಎಂದೇ ಬರೆದುಕೊಂಡು ಬಂದಿವೆ. ಬಂಜರು ಎಂದ ಮೇಲೆ ಅಲ್ಲಿ ಏನಾದರೂ ನೆಡಬೇಕೆನಿಸುವುದು ಸಹಜ. ರಾಣೆಬೆನ್ನೂರಿನಲ್ಲಿಯೂ ನೀಲಗಿರಿ ನೆಟ್ಟರು, ಮೈದನಹಳ್ಳಿಯ ಬಯಲಿನಲ್ಲೂ ನೀಲಗಿರಿಯ ತೋಪುಗಳಿವೆ. ಮರ ಬೆಳೆದು ನೆರಳು ಕವಿದ ಕಡೆ ಹುಲ್ಲು ಸೊರಗುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ನೆಟ್ಟದ್ದನ್ನು ಬೇರುಸಹಿತ ತೆಗೆದು ಹುಲ್ಲು ಮರಳುವಂತೆ ಮಾಡುವುದಕ್ಕೆ ಕೂಲಿ ಬೇಕು, ವರ್ಷಗಳ ಕಾವಲು ಬೇಕು.

ಹಣದ ವಿಷಯದಲ್ಲಿ ಎಚ್ಚರ ಬೇಕಾದದ್ದು ಇಲ್ಲೇ. ಕಾಡು ಕಡಿದದ್ದಕ್ಕೆ ಪರಿಹಾರವಾಗಿ ಕಟ್ಟುವ ಹಣಕ್ಕೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಿಂದ ಪ್ರತ್ಯೇಕ ನಿಧಿಯಿದೆ. ಬೀಗ ಭದ್ರವಾಗಿಯೇ ಇದೆ. ಆದರೆ ಅದರ ಹೆಸರಿನಲ್ಲೇ ಅರಣ್ಯೀಕರಣವಿದೆ, ಮರ ನೆಡುವುದಕ್ಕೆ ಅಲ್ಲಿ ಮೊದಲ ಸ್ಥಾನ. ಅಂಥ ಹಣ ಹುಲ್ಲುಬಯಲಿಗೆ ಬಂದರೆ ಗುದ್ದಲಿಯೊಂದಿಗೇ ಬರುವ ಅಪಾಯವಿರುತ್ತದೆ. ನಂಬರ್ ಪ್ಲೇಟಿನ ಹಣಕ್ಕೆ ನಿಧಿ ಮಾಡುವುದಾದರೆ ಆ ಕಾನೂನಿನಲ್ಲಿ ಹುಲ್ಲು ಎಂಬ ಎರಡಕ್ಷರ ಇರಲೇಬೇಕೆಂದು ನಾನು ವಾದಿಸುತ್ತೇನೆ.

ಒಂದು ಲೆಕ್ಕ

ಕೃಷ್ಣಮೃಗ 798 ಎಕರೆಯೊಳಗೇ ಇರುವುದಿಲ್ಲ. ಸುತ್ತಲಿನ ಹೊಲಗಳಿಗೆ ಹೋಗುತ್ತದೆ, ಎಳೆಯ ಪೈರು ಮೇಯುತ್ತದೆ. ಕಡಲೆಕಾಯಿ ಬಿತ್ತಿದ ರೈತ ರಾತ್ರಿ ಕಾವಲಿಗೆ ಕೂರುತ್ತಾನೆ. ಬೆಂಗಳೂರಿನಲ್ಲಿ ಕೂತು ವನ್ಯಜೀವಿ ಉಳಿಯಲಿ ಎನ್ನುವವರ ಪರವಾಗಿ ಆತ ತನ್ನ ಪೈರಿನಲ್ಲೇ ತೆರಿಗೆ ಕಟ್ಟುತ್ತಿದ್ದಾನೆ. ಆ ತೆರಿಗೆಗೆ ರಸೀತಿಯಿಲ್ಲ. ಫ್ಯಾನ್ಸಿ ನಂಬರಿನ ಹಣ ಯಾರಿಗಾದರೂ ಹೋಗಬೇಕೆಂದರೆ ಮೊದಲು ಇವನಿಗೆ ಹೋಗಬೇಕು. ಮೀಸಲಿಗೆ ತಾಗಿದ ಜಮೀನನ್ನು ಬಾಡಿಗೆಗೆ ಪಡೆದು ಹುಲ್ಲಿಗೆ ಬಿಡುವುದು ಒಂದು ದಾರಿ.

ಬಾಡಿಗೆ ಎಷ್ಟು? ಪಕ್ಕದ ಪಾವಗಡ ತಾಲ್ಲೂಕಿನಲ್ಲಿ ಒಂದು ಅಳತೆಗೋಲು ಸಿಗುತ್ತದೆ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆಯಾಶ್ರಿತ ಬಯಲು ನೆಲಕ್ಕೂ ಈಗ ಹೀಗೆ ಒಂದು ಬೆಲೆಯುಂಟು. ಹುಲ್ಲು ಇದರೊಡನೆ ಸ್ಪರ್ಧಿಸಬೇಕು.

ಕೊಚ್ಚಿಯ ಆ 46 ಲಕ್ಷವನ್ನು ಶೇಕಡಾ 6ರ ಬಡ್ಡಿಗೆ ಇಟ್ಟೆವೆಂದುಕೊಳ್ಳಿ. ವರ್ಷಕ್ಕೆ 2,76,000 ರೂಪಾಯಿ ಬರುತ್ತದೆ. 21,000ದಿಂದ ಭಾಗಿಸಿ. 13 ಎಕರೆ! ಅಸಲನ್ನು ಮುಟ್ಟದೆ ಒಂದೇ ಒಂದು ಕಾರಿನ ಸಂಖ್ಯೆ 13 ಎಕರೆಯನ್ನು ಹುಲ್ಲಾಗಿ ಉಳಿಸುತ್ತದೆ. ಆದರೆ ಬಾಡಿಗೆ ಏರುತ್ತದೆ, ಬಡ್ಡಿ ಏರುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಹತ್ತು ಏರಿಕೆಗಳಾದರೆ ಬಾಡಿಗೆ ಸುಮಾರು 34,200ಕ್ಕೆ ಮುಟ್ಟುತ್ತದೆ, ಅದೇ ಬಡ್ಡಿಯಲ್ಲಿ ಎಂಟು ಎಕರೆ ಮಾತ್ರ ನಿಲ್ಲುತ್ತದೆ. ಬಡ್ಡಿಯ ಒಂದು ಪಾಲನ್ನು ಅಸಲಿಗೇ ಸೇರಿಸುತ್ತಾ ಹೋದರೆ ಏನಾಗುತ್ತದೆಂದು ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಇನ್ನು ಹಣ ಖರ್ಚು ಮಾಡುವವರು ಯಾರು? ಅದಕ್ಕೆ ಹೊಸ ಸಂಸ್ಥೆ ಕಟ್ಟುವ ಅಗತ್ಯವಿಲ್ಲ. ಸಂರಕ್ಷಣಾ ಮೀಸಲು ಎಂಬ ವರ್ಗ ಹುಟ್ಟಿದ್ದೇ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದ. ಅಭಯಾರಣ್ಯದಂತೆ ಇಲ್ಲಿ ಜನರ ಹಕ್ಕುಗಳನ್ನು ಕಿತ್ತುಕೊಳ್ಳುವುದಿಲ್ಲ, ಘೋಷಣೆಗೆ ಮೊದಲು ಸ್ಥಳೀಯರೊಡನೆ ಸಮಾಲೋಚಿಸಬೇಕು. 36ಬಿ ಕಲಮಿನ ಪ್ರಕಾರ ಇದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿ, ಮೀಸಲು ಪ್ರದೇಶ ಬರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು. ಪೈರು ಕಳೆದುಕೊಂಡ ರೈತನ ಮಾತು ಪಂಚಾಯಿತಿಯ ಆ ಒಂದು ಕುರ್ಚಿಯ ಮೂಲಕವೇ ಒಳಗೆ ಬರಬೇಕು. ನಿಮ್ಮ ಪಂಚಾಯಿತಿಯಿಂದ ಅಲ್ಲಿ ಯಾರು ಕೂರುತ್ತಾರೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದು.

ಇನ್ನೊಂದನ್ನೂ ಕೇಳಬಹುದು. ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಗೆ ಫ್ಯಾನ್ಸಿ ನಂಬರುಗಳಿಂದ ಕಳೆದ ಐದು ವರ್ಷಗಳಲ್ಲಿ ಬಂದ ಹಣವೆಷ್ಟು ಎಂಬುದು ಗುಟ್ಟಿನ ಸಂಗತಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನಗಳಲ್ಲಿ ಉತ್ತರ ಬರಬೇಕು. ಉತ್ತರದಲ್ಲಿ ಬಂದ ಮೊತ್ತವನ್ನು ಶೇಕಡಾ 6ರ ಬಡ್ಡಿಗೆ ಹಾಕಿ, 21,000ದಿಂದ ಭಾಗಿಸಿ, ಎಷ್ಟು ಎಕರೆ ಬಂತೆಂದು ಬರೆದುಕೊಳ್ಳಿ.